ಬಸ್‌ಸ್ಟ್ಯಾಂಡಿನ ಉಸ್ತಾದ

ಆಳಂದದ ಬಸ್‌ಸ್ಟ್ಯಾಂಡಿನ ಆಸುಪಾಸಿನ ಯಾವ ಪಾನ್ ಡಬ್ಬಾದ ಹಿಂದೆ ಇಣುಕಿದರೂ ಒಬ್ಬ ಉಸ್ತಾದ ಸಿಗುತ್ತಾನೆ. ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಪಿಯುಸಿಯ ಇಂಗ್ಲಿಷ್ ಪೇಪರು ಇನ್ನೂ ಬಾಕಿ. ಅಕ್ಕಲಕೋಟೆ, ಉಮರ್ಗಾ, ಕಲಬುರಗಿ ಬಸ್ಸುಗಳ ಟೈಮು ಕಂಟ್ರೋಲರನಿಗಿಂತ ಚೆನ್ನಾಗಿ ಗೊತ್ತು. ಹತ್ತುವುದು ಮಾತ್ರ ಯಾವುದನ್ನೂ ಇಲ್ಲ. ಒಮ್ಮೆ ಪುಣೆಗೆ ಕೆಲಸಕ್ಕೆಂದು ಹೋಗಿ ತೊಗರಿ ರಾಶಿಗೂ ಮೊದಲೇ ವಾಪಸಾದವನು. ಅಲ್ಲಿಂದ ತಂದ ಗಳಿಕೆ ಎರಡೇ: ಮೂಗಿನಿಂದ ಹೊಗೆ ಬಿಡುವ ವಿದ್ಯೆ, ಮತ್ತು "ಪುಣೆದಾಗ ಎಲ್ಲಾರೂ ಹಿಂಗ" ಎಂಬ ಮಾತು.

ಉಸ್ತಾದ ಯಾರಿಗೂ ಸೇದು ಅನ್ನುವುದಿಲ್ಲ. ಜಾಣತನವೆಲ್ಲ ಅಲ್ಲೇ ಇದೆ. ಟ್ಯೂಷನ್ ಮುಗಿಸಿ ಬಂದ ಹತ್ತನೇ ಕ್ಲಾಸಿನ ಹುಡುಗನ ಹೆಗಲ ಮೇಲೆ ಕೈ ಹಾಕಿ, "ನೀ ಸೇದಬ್ಯಾಡ ತಮ್ಮಾ, ಸಣ್ಣಾಂವ ಇದ್ದಿ. ಸುಮ್ಮ ಕಂಪನಿ ಕೊಡು" ಎನ್ನುತ್ತಾನೆ. ಮೀಸೆ ಮೂಡುವ ವಯಸ್ಸಿನಲ್ಲಿ ಸಣ್ಣಾಂವ ಅನ್ನಿಸಿಕೊಂಡು ತೆಪ್ಪಗಿರುವ ಗಂಡು ಈ ತಾಲ್ಲೂಕಿನಲ್ಲಿ ಹುಟ್ಟಿಲ್ಲ. ವಾರ ಕಳೆಯುವುದರೊಳಗೆ ಅವನೇ ಕೇಳುತ್ತಾನೆ: "ಅಣ್ಣಾ, ಒಂದ್ ದಮ್ ಕೊಡು." ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದೆ, ಸುತ್ತ ನಿಂತ ನಾಲ್ವರು ನಗುತ್ತಾರೆ. ಆ ನಗೆ ನಿಲ್ಲಿಸಲಿಕ್ಕೆಂದೇ ಎರಡನೇ ದಮ್. ರುಚಿ ಹೇಗಿತ್ತೆಂದು ಯಾರೂ ಕೇಳುವುದಿಲ್ಲ.

ತನ್ನ ರೊಕ್ಕದಲ್ಲಿ ಉಸ್ತಾದ ಸಿಗರೇಟು ಕೊಂಡದ್ದನ್ನು ಡಬ್ಬಾದವನೂ ಕಂಡಿಲ್ಲ. ಕೊಳ್ಳುವವರು ಶಿಷ್ಯರು, ಗುರುದಕ್ಷಿಣೆಯಾಗಿ ಅರ್ಧ ಇವನಿಗೆ. ತೊಗರಿ ಮಾರಿದ ದಿನಗಳು, ಲಾಡ್ಲೆ ಮಶಾಯಿಕ ದರ್ಗಾದ ಉರುಸು, ಹೀಗೆ ಹುಡುಗರ ಕಿಸೆಯಲ್ಲಿ ಚಿಲ್ಲರೆ ಆಡುವಾಗೆಲ್ಲ ಇವನಿಗೆ ಸುಗ್ಗಿ. ಕೊಳ್ಳುವುದೂ ಬಿಡಿ ಬಿಡಿಯಾಗಿಯೇ. ಪಾಕೀಟಿನ ಶೇ. 85 ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮ 2016ರಿಂದ ಇದೆ. ಆದರೆ ಪಾಕೀಟು ಉಳಿಯುವುದು ಡಬ್ಬಾದವನ ಹತ್ತಿರ. ಆ ಚಿತ್ರವನ್ನು ದಿನಾ ನೋಡಿ ಹೆದರಿದವನು ಅವನೊಬ್ಬನೇ. ಅವನು ಸೇದುವುದಿಲ್ಲ, ಬರೀ ಮಾರುತ್ತಾನೆ. ಬಿಡಿ ಮಾರಾಟ ನಿಷೇಧಿಸಿ, ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದ ರಾಜ್ಯದ ತಿದ್ದುಪಡಿ ಕಾಯ್ದೆ 2025ರಲ್ಲಿ ಬಂತು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಗರಿಷ್ಠ ದಂಡ 200 ರೂಪಾಯಿ ಇದ್ದದ್ದು 1,000 ಆಯಿತು. ಉಸ್ತಾದ ಕೇಳಿ ನಕ್ಕ: "ಸಾವಿರ ರೂಪಾಯಿ ಇದ್ದಿದ್ದರ ನಾ ಪಾಕೀಟ ತಗೋತಿದ್ದಿಲ್ಲೇನು?" ಅಂದ ಹಾಗೆ, ಹೊಸ ಲೆಕ್ಕದಲ್ಲಿ ಗುರುವೂ ಅಪ್ರಾಪ್ತನೇ.

ಕಾಯ್ದೆಗೆ ಅಂಜದ ಈ ಗಂಡುಗಲಿ ಅಂಜುವುದು ಕಾಕಾಗಳಿಗೆ. ಆಳಂದದಲ್ಲಿ ಓಣಿಗೆ ಹತ್ತು ಮಂದಿ ಕಾಕಾಗಳು. ದೂರದಲ್ಲಿ ಧೋತರ ಕಂಡರೆ ಸಾಕು, ಸಿಗರೇಟು ಅಂಗೈಯೊಳಗೆ ಮಾಯ. "ಶರಣ್ರೀ ಕಾಕಾ" ಎಂದರೆ ಮಾತಿನ ಬೆನ್ನಿಗೇ ಹೊಗೆಯೂ ಹೊರಡುತ್ತದೆ. "ಥಂಡಿ ಭಾಳ ಅದರಿ" ಎಂಬ ಸಮಜಾಯಿಷಿ ಏಪ್ರಿಲ್ ತಿಂಗಳಲ್ಲೂ ನಡೆಯುತ್ತದೆ. ಮನೆ ಸಮೀಪಿಸಿದಂತೆ ಬಾಯಿತುಂಬ ಬಡೇಸೋಪು. ಮದುವೆ ಊಟವೂ ಇಲ್ಲದ ದಿನ ಮಗ ಬಡೇಸೋಪು ಜಗಿಯುತ್ತ ಬಂದರೆ ಅವ್ವನಿಗೆ ಬೇರೆ ಸಾಕ್ಷಿ ಬೇಕೆ? ಅಪ್ಪನಿಗೆ ದೂರು ಹೋಗುತ್ತದೆ. ಅಪ್ಪ ಕಾಲಿನ ಚಪ್ಪಲಿ ಕೈಗೆತ್ತಿಕೊಳ್ಳುತ್ತಾನೆ, ಆದರೆ ಬಯ್ಯುವುದಿಲ್ಲ. ಬಾಯಿ ತೆರೆದರೆ ಕಚ್ಚಿಕೊಂಡ ಬೀಡಿ ಬಿದ್ದೀತು!

ಉಸ್ತಾದನಿಗೂ ಒಬ್ಬ ಉಸ್ತಾದನಿದ್ದ. ಇವನಿನ್ನೂ ಚಡ್ಡಿ ಹಾಕುತ್ತಿದ್ದಾಗ ಕಟ್ಟೆಯ ಮೇಲಿಂದ ಮುತ್ಯಾ ಕೂಗುತ್ತಿದ್ದ: "ಲೇ ತಮ್ಮಾ, ಒಂದ್ ಕಟ್ಟು ಬೀಡಿ ತಗೊಂಡ್ ಬಾ. ಉಳಿದ ರೊಕ್ಕದಾಗ ಪೆಪರಮೆಂಟ್ ತಿನ್ನು." ಕಡ್ಡಿಪೆಟ್ಟಿಗೆ ಇಲ್ಲದ ದಿನ ಒಲೆಯಲ್ಲಿ ಹೊತ್ತಿಸಿ ತರುವ ಆಜ್ಞೆ. ಒಲೆಯಿಂದ ಕಟ್ಟೆಯವರೆಗೆ ಬೀಡಿ ಆರಬಾರದಲ್ಲ? ಅದಕ್ಕೆ ಇರುವ ಉಪಾಯ ಒಂದೇ, ಹುಡುಗ ಅದನ್ನು ಬಲು ಬೇಗ ಕಂಡುಕೊಂಡ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ, ನಮ್ಮ ದೇಶದ 13ರಿಂದ 15ರ ವಯಸ್ಸಿನ ಬೀಡಿ ಸೇದುವ ಶಾಲಾ ಮಕ್ಕಳಲ್ಲಿ ಶೇ. 47 ಮಂದಿ ಹತ್ತು ತುಂಬುವ ಮೊದಲೇ ಶುರು ಮಾಡಿದ್ದರು. ಆ ವಯಸ್ಸಿನಲ್ಲಿ ಬಸ್‌ಸ್ಟ್ಯಾಂಡಿಗೆ ಯಾರೂ ಒಬ್ಬರೇ ಹೋಗಿರುವುದಿಲ್ಲ.

ಮುತ್ಯಾಗಳೇ, ನಿಮ್ಮ ಬೀಡಿ ನೀವೇ ಎದ್ದು ಹೋಗಿ ತಂದುಕೊಳ್ರಿ. ಮೊಮ್ಮಗನಿಗೆ ಪೆಪರಮೆಂಟಿನ ರೊಕ್ಕ ಬ್ಯಾರೆ ಕೊಡ್ರಿ.