ದೇವರಲ್ಲವೆಂದು ಬರೆದುಕೊಟ್ಟರೆ ದೇವರಿಗೆ ಜಾಗ

ಅಮೆರಿಕದಲ್ಲಿ ದೇವರ ಮಾತು ಸರ್ಕಾರಿ ಜಾಗದಲ್ಲಿ ನಿಲ್ಲಬೇಕಾದರೆ ಭಕ್ತರು ಮೊದಲು ಕೋರ್ಟಿಗೆ ಹೋಗಿ ಒಂದು ಮಾತು ಒಪ್ಪಿಕೊಳ್ಳಬೇಕು: ‘ಸ್ವಾಮಿ, ಇದು ದೇವರದ್ದಲ್ಲ.’ ಇತಿಹಾಸ ಅನ್ನಿ, ಪರಂಪರೆ ಅನ್ನಿ, ಕಾನೂನಿನ ಬೇರು ಅನ್ನಿ, ಅಂಗಳಕ್ಕೊಂದು ಅಲಂಕಾರ ಅಂದರೂ ನಡೆದೀತು. ದೇವರದ್ದು ಅಂದಿರೋ, ಕೇಸು ಬಿತ್ತು. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಕೂಡದು ಎಂದು ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ 1791ರಲ್ಲೇ ಹೇಳಿಬಿಟ್ಟಿದೆ. ಹೀಗಾಗಿ ಬೈಬಲಿನ ಪ್ರಕಾರ ಸಿನಾಯ್ ಬೆಟ್ಟದಲ್ಲಿ ದೇವರು ಮೋಶೆಗೆ ಕೊಟ್ಟ ದಶಾಜ್ಞೆಗಳನ್ನು ಗೋಡೆಗೆ ಹಾಕಲು ಹೊರಟವರೆಲ್ಲ ಒಂಬತ್ತನೆಯದನ್ನು, ಅಂದರೆ ಸುಳ್ಳುಸಾಕ್ಷಿ ಹೇಳಬೇಡ ಎಂಬುದನ್ನು, ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕಾಗುತ್ತದೆ.

ಈ ವಿದ್ಯೆಯಲ್ಲಿ ಹಳೆಯ ಪಂಡಿತರು ಕೆಂಟಕಿ ರಾಜ್ಯದವರು. 1978ರಲ್ಲಿ ಅವರು ಪ್ರತಿಯೊಂದು ಸರ್ಕಾರಿ ಶಾಲೆಯ ಪ್ರತಿಯೊಂದು ಕೊಠಡಿಯಲ್ಲೂ ದಶಾಜ್ಞೆಯ ಪಟ ಇರಬೇಕೆಂದು ಕಾನೂನು ಮಾಡಿದರು. ಪಟದ ಬುಡದಲ್ಲಿ ಸಣ್ಣಕ್ಷರದ ಒಂದು ಟಿಪ್ಪಣಿ: ಈ ಆಜ್ಞೆಗಳು ಪಾಶ್ಚಾತ್ಯ ನಾಗರಿಕತೆಯ ಕಾನೂನಿಗೆ ಅಡಿಪಾಯ, ಆದ್ದರಿಂದ ಇದು ಲೌಕಿಕ ವಿಷಯ ಎಂಬರ್ಥದ್ದು. ನಾನೇ ನಿನ್ನ ದೇವರು, ನನ್ನನ್ನಲ್ಲದೆ ಬೇರೆ ದೇವರಿಲ್ಲ ಎಂದು ಮೇಲೆ ದಪ್ಪಕ್ಷರದಲ್ಲಿ ಗುಡುಗಿ, ಕೆಳಗೆ ‘ಮೇಲಿನದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ಗೊಣಗುವ ಪಟ ಅದು. 1980ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಿಂದ ಆ ಕಾನೂನನ್ನು ಹೊಡೆದುಹಾಕಿತು. ಸಣ್ಣಕ್ಷರ ಓದುವ ಅಭ್ಯಾಸ ನ್ಯಾಯಾಧೀಶರಿಗಲ್ಲದೆ ಇನ್ಯಾರಿಗಿರುತ್ತದೆ!

ಅದೇ ಕೆಂಟಕಿಯ ಎರಡು ಕೌಂಟಿಗಳವರು 1999ರಲ್ಲಿ ತಮ್ಮ ಕೋರ್ಟು ಕಟ್ಟಡಗಳಲ್ಲಿ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ ದಶಾಜ್ಞೆಗಳನ್ನು ತೂಗುಹಾಕಿದರು. ದಾವೆ ಬಿತ್ತು. ಒಂಟಿಯಾಗಿದ್ದುದೇ ತಪ್ಪಾಯಿತೇನೋ ಎಂದು ಸುತ್ತಲೂ ಇನ್ನಷ್ಟು ಚಾರಿತ್ರಿಕ ಪತ್ರಗಳನ್ನು ಹಾಕಿದರು. ಆದರೆ ಪ್ರತಿಯೊಂದರಿಂದಲೂ ದೇವರ ಹೆಸರು ಬರುವ ತುಣುಕನ್ನೇ ಹೆಕ್ಕಿ ಹಾಕಿದರು. ಕಳ್ಳ ಸಾಕ್ಷಿಗೆ ತನ್ನ ತಮ್ಮಂದಿರನ್ನೇ ಕರೆತಂದ ಹಾಗೆ. ಕೋರ್ಟು ಇಳಿಸಿ ಎಂದಿತು. ಮೂರನೆಯ ಸಲ ಮ್ಯಾಗ್ನಾಕಾರ್ಟಾ, ಸ್ವಾತಂತ್ರ್ಯ ಘೋಷಣೆ, ರಾಷ್ಟ್ರಗೀತೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನ್ಯಾಯದೇವತೆ ಎಲ್ಲವನ್ನೂ ಸಾಲಾಗಿ ಜೋಡಿಸಿ, ‘ಅಮೆರಿಕದ ಕಾನೂನಿನ ಬುನಾದಿಗಳು’ ಎಂದು ಬೋರ್ಡು ಬರೆಸಿ, ನಡುವೆ ಮೋಶೆಯನ್ನು ಏನೂ ಅರಿಯದವನಂತೆ ನಿಲ್ಲಿಸಿದರು. ದಿಬ್ಬಣದ ಗುಂಪಿನಲ್ಲಿ ಮದುಮಗನನ್ನು ಗುರುತಿಸಲು ಬಾರದಷ್ಟು ನಾವು ದಡ್ಡರಲ್ಲ ಎಂಬರ್ಥದಲ್ಲಿ ಸುಪ್ರೀಂ ಕೋರ್ಟು 2005ರ ಜೂನ್ 27ರಂದು ಅದನ್ನೂ ತಳ್ಳಿತು. ಐದಕ್ಕೆ ನಾಲ್ಕು.

ತಮಾಷೆ ಇರುವುದು ಅದೇ ದಿನದ ಇನ್ನೊಂದು ತೀರ್ಪಿನಲ್ಲಿ. ಟೆಕ್ಸಾಸ್ ರಾಜಧಾನಿ ಆಸ್ಟಿನ್‌ನ ಶಾಸನಭವನದ ಅಂಗಳದಲ್ಲಿ ಆರಡಿ ಎತ್ತರದ ಕಲ್ಲಿನ ಮೇಲೆ ಇದೇ ದಶಾಜ್ಞೆಗಳಿವೆ. ಅದನ್ನು ಪ್ರಶ್ನಿಸಿದವನು ಒಬ್ಬ ವಕೀಲ. ಮನೆಮಠ ಕಳೆದುಕೊಂಡು ಟೆಂಟಿನಲ್ಲಿ ಮಲಗುತ್ತಿದ್ದ ಆತ ಅದೇ ಅಂಗಳ ಹಾದು ಸರ್ಕಾರಿ ಕಾನೂನು ಗ್ರಂಥಾಲಯಕ್ಕೆ ಹೋಗಿ, ಅಲ್ಲಿನ ಪುಸ್ತಕ ಓದಿಯೇ ಕೇಸು ಕಟ್ಟಿದ. ಅದೇ ಸುಪ್ರೀಂ ಕೋರ್ಟು, ಅದೇ ಐದಕ್ಕೆ ನಾಲ್ಕು, ಈ ಸಲ ಕಲ್ಲು ಉಳಿಯಿತು. ಎರಡೂ ಕಡೆ ಮತ ಹಾಕಿ ತಕ್ಕಡಿ ತೂಗಿದವರು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್. ಅವರ ವಾದದ ಮುಖ್ಯ ಎಳೆ ಇದು: ಕಲ್ಲು 1961ರದು, ನಲವತ್ತು ವರ್ಷ ಯಾರೂ ತಕರಾರು ಮಾಡಿಲ್ಲ. ಅಂದರೆ ದೇವರ ಮಾತು ಹೊಸದಾಗಿದ್ದರೆ ಧರ್ಮ, ಪಾಚಿ ಕಟ್ಟಿದರೆ ಸಂಸ್ಕೃತಿ. ಗೃಹಪ್ರವೇಶದ ದಿನ ಕಾನೂನುಬಾಹಿರವಾದದ್ದು ನಲವತ್ತು ವರ್ಷ ಸುಮ್ಮನೆ ಮಳೆಯಲ್ಲಿ ನೆನೆದರೆ ಸಕ್ರಮ. ಅಂದು ಕಲ್ಲಿನ ಪರ ವಾದಿಸಿದ ಅಟಾರ್ನಿ ಜನರಲ್ ಗ್ರೆಗ್ ಅಬಟ್ ಮುಂದೆ ಟೆಕ್ಸಾಸ್ ಗವರ್ನರ್ ಆದರು. ಅವರ ಕಥೆ ಆಮೇಲೆ ಬರುತ್ತದೆ.

ಆ ಕಲ್ಲನ್ನು ಕೊಟ್ಟವರು ಯಾರು ಗೊತ್ತೇ? ಸಿನಾಯ್ ಬೆಟ್ಟದಿಂದ ಯಾರೂ ಇಳಿದು ಬಂದಿರಲಿಲ್ಲ. ಫ್ರಾಟರ್ನಲ್ ಆರ್ಡರ್ ಆಫ್ ಈಗಲ್ಸ್ ಎಂಬ ಸಮಾಜಸೇವಾ ಕ್ಲಬ್ಬು ಇಂಥ ಕಲ್ಲುಗಳನ್ನು ಊರೂರಿಗೆ ದಾನ ಮಾಡಿತು. ಬಾಲಾಪರಾಧಿಗಳನ್ನು ತಿದ್ದಲು ದಶಾಜ್ಞೆಯ ಪಟ ಹಂಚಬೇಕೆಂದು ಮಿನ್ನೆಸೋಟದ ಜಡ್ಜ್ ಒಬ್ಬರು ಶುರುಮಾಡಿದ ಕೆಲಸಕ್ಕೆ, 1956ರಲ್ಲಿ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಸಿನಿಮಾ ತಂದ ಸೆಸಿಲ್ ಬಿ. ಡಿಮಿಲ್ ಕೈಜೋಡಿಸಿದ. ಕೆಲವು ಕಲ್ಲುಗಳ ಅನಾವರಣಕ್ಕೆ ಚಿತ್ರದ ನಟರೇ ಬಂದರು. ಒಂದು ಕಡೆ ಮೋಶೆಯಾಗಿದ್ದ ಚಾರ್ಲ್‌ಟನ್ ಹೆಸ್ಟನ್, ಇನ್ನೊಂದು ಕಡೆ ಮೋಶೆಯ ವೈರಿ ಫೇರೋ ಆಗಿದ್ದ ಯೂಲ್ ಬ್ರಿನ್ನರ್. ದಶಾಜ್ಞೆ ಅನಾವರಣಕ್ಕೆ ಫೇರೋ ಮುಖ್ಯ ಅತಿಥಿ! ಯೆಹೂದ್ಯರು, ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಈ ಆಜ್ಞೆಗಳನ್ನು ಬೇರೆಬೇರೆ ರೀತಿ ಎಣಿಸುತ್ತಾರಾದ್ದರಿಂದ ಯಾರಿಗೂ ಬೇಸರವಾಗದ ಪಾಠವೊಂದನ್ನು ಕೂತು ಸಿದ್ಧಪಡಿಸಲಾಯಿತು. ಕಲ್ಲಿನ ಮೇಲೆ ಅಂಕಿ ಇಲ್ಲ. ಸಾಲು ಎಣಿಸಿದರೆ ಹತ್ತಕ್ಕಿಂತ ಹೆಚ್ಚೇ ಬರುತ್ತವೆ. ದೇವರ ಕೈಬರಹಕ್ಕೂ ಒಂದು ಉಪಸಮಿತಿ.

ಈ ಇಡೀ ಕಥೆಯಲ್ಲಿ ಸತ್ಯ ಹೇಳಿದವನು ಒಬ್ಬ ಸಿಗುತ್ತಾನೆ, ಅವನ ಗತಿ ನೋಡಿ. ಅಲಬಾಮಾ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಾಯ್ ಮೂರ್ 2001ರ ಜುಲೈ 31ರ ರಾತ್ರಿ, ಸಹೋದ್ಯೋಗಿ ನ್ಯಾಯಮೂರ್ತಿಗಳೆಲ್ಲ ಮನೆ ಸೇರಿದ ಮೇಲೆ, ಮಾಂಟ್‌ಗಮರಿಯ ನ್ಯಾಯಾಂಗ ಭವನದ ನಡುಮನೆಯಲ್ಲಿ ಸುಮಾರು 2,400 ಕಿಲೋ ತೂಕದ ದಶಾಜ್ಞೆಯ ಗ್ರಾನೈಟ್ ಸ್ಮಾರಕ ನಿಲ್ಲಿಸಿದರು. ಜತೆಗೆ ಒಂದು ಧಾರ್ಮಿಕ ಸಂಸ್ಥೆಯ ಕ್ಯಾಮೆರಾ ಮಾತ್ರ ಇತ್ತು. ಕೋರ್ಟಿನಲ್ಲಿ ಉದ್ದೇಶವೇನೆಂದು ಕೇಳಿದಾಗ ಅವರು ಇತಿಹಾಸ, ಪರಂಪರೆ ಎಂದು ತಡವರಿಸಲಿಲ್ಲ. ದೇವರ ಸಾರ್ವಭೌಮತ್ವ ಒಪ್ಪಿಕೊಳ್ಳುವುದೇ ಉದ್ದೇಶ ಎಂದರು. ಸಂತೋಷ, ಹಾಗಾದರೆ ತೆಗೆಯಿರಿ ಎಂದಿತು ಫೆಡರಲ್ ಕೋರ್ಟು. ತೆಗೆಯಲಾರೆ ಎಂದರು. 2003ರ ಆಗಸ್ಟಿನಲ್ಲಿ ಕಲ್ಲು ಹೋಯಿತು, ನವೆಂಬರಿನಲ್ಲಿ ಕುರ್ಚಿಯೂ ಹೋಯಿತು. ಕೋರ್ಟಿನ ಆದೇಶ ಮೀರಿದ ಜಡ್ಜನ್ನು ಮನೆಗೆ ಕಳಿಸಿದ್ದು ಸರಿಯೇ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಪ್ರಮಾಣ ಮಾಡಿ ನಿಜ ನುಡಿದ ಏಕೈಕ ಭಕ್ತನನ್ನು ದೇವರು ಹೀಗೆ ನಡುನೀರಿನಲ್ಲಿ ಕೈಬಿಡಬಾರದಿತ್ತು. ಕಲ್ಲು ಮಾತ್ರ ಲಾರಿ ಹತ್ತಿ ದೇಶ ಸುತ್ತಿತು.

ಒಂದು ಕಲ್ಲಿಗೆ ಜಾಗ ಕೊಟ್ಟರೆ ಸಾಲು ಬೆಳೆಯುತ್ತದೆ. ಒಕ್ಲಹಾಮದ ಶಾಸನಭವನದ ಅಂಗಳಕ್ಕೆ 2012ರಲ್ಲಿ ದಶಾಜ್ಞೆಯ ಕಲ್ಲು ಬಂತು. ಮೊದಲು ಕೆತ್ತಿದ್ದರಲ್ಲಿ ಸಬ್ಬತ್ (ವಾರದ ವಿಶ್ರಾಂತಿಯ ದಿನ) ಎಂಬ ಪದದ ಕಾಗುಣಿತವೇ ತಪ್ಪಿತ್ತು. ಪಾಪ, ಶಿಲ್ಪಿ ವಿಶ್ರಾಂತಿಯ ದಿನವೂ ಕೆಲಸ ಮಾಡಿರಬೇಕು. ಮರುವರ್ಷವೇ ಅರ್ಜಿಗಳು ಬಂದವು. ಸೈತಾನ ಮಂದಿರದವರು ಮೇಕೆ ತಲೆಯ, ರೆಕ್ಕೆಯ ಬ್ಯಾಫೊಮೆಟ್ ಮೂರ್ತಿ ತರುತ್ತೇವೆಂದರು. ಈ ಸೈತಾನಭಕ್ತರು ಸೈತಾನನಿದ್ದಾನೆಂದು ನಂಬುವವರಲ್ಲ. ಹೀಗೆ ದೇವರಲ್ಲವೆನ್ನುವ ದೇವಭಕ್ತರ ಹಿಂದೆ ಸೈತಾನನಿಲ್ಲವೆನ್ನುವ ಸೈತಾನಭಕ್ತರು ಸರತಿಯಲ್ಲಿ ನಿಂತರು. ಅಮೆರಿಕದ ಒಂದು ಹಿಂದೂ ಸಂಘಟನೆ ಹನುಮಂತನಿಗೂ ಅರ್ಜಿ ಹಾಕಿತು. ನಮ್ಮ ಅಂಜನಾದ್ರಿಯ ಹುಡುಗ! ಒಂದೇ ನೆಗೆತಕ್ಕೆ ಸಾಗರ ದಾಟಿದವನಿಗೆ ಒಕ್ಲಹಾಮದ ಆಯೋಗ ದಾಟಲಾಗಲಿಲ್ಲ; ವ್ಯಾಜ್ಯ ಮುಗಿಯುವವರೆಗೆ ಹೊಸ ಅರ್ಜಿ ಬೇಡವೆಂದು ಕೌಂಟರು ಮುಚ್ಚಿದರು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ದಶಾಜ್ಞೆಯ ಕಲ್ಲನ್ನೇ ತೆಗೆಸಿತು. ಅಲಬಾಮಾದಲ್ಲಿ ಕಲ್ಲು ರಾತ್ರಿ ಬಂತು, ಒಕ್ಲಹಾಮದಲ್ಲಿ ರಾತ್ರಿ ಹೋಯಿತು. ಪಕ್ಕದ ಅರ್ಕನ್ಸಾದಲ್ಲಿ 2017ರಲ್ಲಿ ನಿಲ್ಲಿಸಿದ ಕಲ್ಲಿಗೆ ದಿನ ತುಂಬುವುದರೊಳಗೆ ಮಾನಸಿಕ ಅಸ್ವಸ್ಥನೊಬ್ಬ ಕಾರು ನುಗ್ಗಿಸಿ ಕೆಡವಿದ. ಮರುವರ್ಷ ಹೊಸ ಕಲ್ಲು ಬಂತು, ಸುತ್ತ ಕಾವಲಿಗೆ ಕಾಂಕ್ರೀಟ್ ಗೂಟಗಳೂ ಬಂದವು.

ಹಾಗಾದರೆ ಒಬ್ಬರ ಕಲ್ಲಿಗೆ ಜಾಗ, ಇನ್ನೊಬ್ಬರ ಕಲ್ಲಿಗೆ ಗೇಟುಪಾಸು ಏಕೆ? ಯೂಟಾ ರಾಜ್ಯದ ಸಮಮ್ ಎಂಬ ಪುಟ್ಟ ಪಂಥ ತನ್ನ ಏಳು ಸೂತ್ರಗಳ ಕಲ್ಲನ್ನೂ ಪಾರ್ಕಿನಲ್ಲಿ ಇಡಿ ಎಂದು ಕೇಳಿದಾಗ ಸುಪ್ರೀಂ ಕೋರ್ಟು 2009ರಲ್ಲಿ ಉತ್ತರ ಕೊಟ್ಟಿತು: ಪಾರ್ಕಿನಲ್ಲಿರುವ ಶಾಶ್ವತ ಸ್ಮಾರಕ ಸರ್ಕಾರದ ಮಾತು, ಏನು ಮಾತಾಡಬೇಕೆಂಬುದು ಸರ್ಕಾರದ ಇಷ್ಟ. ಕಾನೂನಿನ ದೃಷ್ಟಿಗೆ ಇದು ಸಲೀಸು. ಆದರೆ ಭಕ್ತರು ಗಮನಿಸಬೇಕಾದ್ದು, ಸಿನಾಯ್ ಬೆಟ್ಟದ ಗುಡುಗು ಇಲ್ಲಿ ಪುರಸಭೆಯ ಪ್ರಕಟಣೆಯಾಗಿದೆ.

ಈಗಿನ ಹುರುಪಿಗೆ ಕಾರಣ 2022ರ ಇನ್ನೊಂದು ತೀರ್ಪು. ಮೈದಾನದಲ್ಲಿ ಪ್ರಾರ್ಥಿಸಿದ ಫುಟ್‌ಬಾಲ್ ಕೋಚ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರ್ಕಾರ ಧರ್ಮದ ಜತೆ ಬೆರೆತಿದೆಯೇ ಎಂದು ಪರೀಕ್ಷಿಸುವ 1971ರ ಹಳೆಯ ಒರೆಗಲ್ಲನ್ನು ಬದಿಗಿಟ್ಟು, ಇನ್ನು ಮೇಲೆ ಇತಿಹಾಸ-ಸಂಪ್ರದಾಯ ನೋಡಿದರೆ ಸಾಕು ಎಂದಿತು. ಲೂಯಿಸಿಯಾನದ ಗವರ್ನರ್ ಜೆಫ್ ಲ್ಯಾಂಡ್ರಿ 2024ರ ಜೂನಿನಲ್ಲಿ ಸಹಿ ಹಾಕಿದರು: ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಕೊಠಡಿಗೊಂದು ಪಟ, ಕನಿಷ್ಠ 11ಕ್ಕೆ 14 ಇಂಚಿನದು. ಪಾಠ ಯಾವುದು? ಅದೇ ಈಗಲ್ಸ್ ಕ್ಲಬ್ಬಿನದು. ಪಕ್ಕದಲ್ಲಿ ಇತಿಹಾಸದ ಒಂದು ಟಿಪ್ಪಣಿಯೂ ಇರಬೇಕು. ಕೆಂಟಕಿಯ ಸಣ್ಣಕ್ಷರ ಈಗ ಪ್ಯಾರಾಗಟ್ಟಲೆ ಬೆಳೆದಿದೆ. ಇದು ಶುದ್ಧ ಶೈಕ್ಷಣಿಕ ಎಂದು ತೋರಿಸಲು ರಾಜ್ಯದ ವಕೀಲರು ಮಾದರಿ ಪಟಗಳನ್ನೂ ಪ್ರದರ್ಶಿಸಿದರು. ಒಂದರಲ್ಲಿ ಮೋಶೆಯ ಪಕ್ಕದಲ್ಲಿ ‘ಹ್ಯಾಮಿಲ್ಟನ್’ ಎಂಬ ಸಂಗೀತ ನಾಟಕದ ಹಾಡಿನ ನಿಯಮಗಳು. ಪಿಸ್ತೂಲು ಹಿಡಿದು ದ್ವಂದ್ವಯುದ್ಧ ಮಾಡುವುದು ಹೇಗೆ ಎಂಬ ಹಾಡು ಅದು. ಕೊಲ್ಲಬೇಡ ಎಂಬುದರ ಪಕ್ಕಕ್ಕೆ ಕೊಲ್ಲುವ ಶಿಸ್ತುಕ್ರಮ. ಬೇಸರಪಡುವ ಪಾಲಕರಿಗೆ ಗವರ್ನರ್ ಕೊಟ್ಟ ಸಲಹೆ: ಪಟ ನೋಡಬೇಡ ಎಂದು ಮಗುವಿಗೆ ಹೇಳಿ. ನೋಡಲೆಂದು ಕಾನೂನು ಮಾಡಿ ಹಾಕಿಸಿದ್ದನ್ನು ನೋಡಬೇಡಿ ಎನ್ನುವುದಕ್ಕಿಂತ ದೊಡ್ಡ ದೇವನಿಂದೆಯನ್ನು ಯಾವ ನಾಸ್ತಿಕನೂ ಮಾಡಿಲ್ಲ.

ಟೆಕ್ಸಾಸ್ ಹಿಂದೆ ಬೀಳುತ್ತದೆಯೇ? 2025ರ ಜೂನಿನಲ್ಲಿ ಗವರ್ನರ್ ಅಬಟ್, ಇಪ್ಪತ್ತು ವರ್ಷದ ಹಿಂದೆ ಒಂದು ಕಲ್ಲು ಉಳಿಸಿಕೊಂಡವರು, ಈಗ ಎಲ್ಲ ಸರ್ಕಾರಿ ಶಾಲೆಗಳಿಗೆ 16ಕ್ಕೆ 20 ಇಂಚಿನ ಪಟದ ಕಾನೂನಿಗೆ ಸಹಿ ಹಾಕಿದರು. ಯಾರಾದರೂ ದಾನ ಕೊಟ್ಟರೆ ಶಾಲೆ ಒಲ್ಲೆ ಎನ್ನುವಂತಿಲ್ಲ. ದಾವೆ ಹೂಡಿದವರಲ್ಲಿ ಯೆಹೂದಿಗಳು, ಕ್ರೈಸ್ತರು, ಹಿಂದೂಗಳು ಎಲ್ಲರೂ ಇದ್ದರು. ಕೆಲವು ಶಾಲಾ ಜಿಲ್ಲೆಗಳಲ್ಲಿ ಕೋರ್ಟು ತಡೆಯನ್ನೂ ಕೊಟ್ಟಿತು. ಡಲ್ಲಾಸ್ ಸುತ್ತಮುತ್ತ ಫ್ರಿಸ್ಕೊದಂಥ ಊರುಗಳಲ್ಲಿ ಕನ್ನಡದ ಮನೆಗಳು ಕಡಿಮೆಯೇನಿಲ್ಲ. ಆ ವರ್ಷ ಗಣೇಶನ ಹಬ್ಬ ಆಗಸ್ಟ್ 27ಕ್ಕೆ, ಕಾನೂನು ಜಾರಿ ಸೆಪ್ಟೆಂಬರ್ 1ಕ್ಕೆ. ಮಣ್ಣಿನ ಮೂರ್ತಿ ಬಕೆಟ್ಟಿನಲ್ಲಿ ಕರಗುವ ಹೊತ್ತಿಗೆ ವಿಗ್ರಹ ಮಾಡಿಕೊಳ್ಳಬೇಡ ಎಂಬ ಆಜ್ಞೆ ಶಾಲೆಗಳತ್ತ ಹೊರಟಿತ್ತು. ಮೋದಕ ಡಬ್ಬಿಗೆ ಹಾಕಿ ಕಳಿಸಿದ ಅಮ್ಮ ಮಗುವಿಗೆ ಏನು ಹೇಳಬೇಕು? ಇದು ಧರ್ಮವಲ್ಲ ಪುಟ್ಟಾ, ಇತಿಹಾಸ ಅಂತಲೇ?

ಈ ಕಾನೂನಿನ ಚರ್ಚೆ ಟೆಕ್ಸಾಸ್ ಕೆಳಮನೆಯಲ್ಲಿ ನಡೆದದ್ದು ಮೇ 24ರಂದು, ಶನಿವಾರ. ಅಂತಿಮ ಮತ ಮರುದಿನ, ಭಾನುವಾರ. ಸ್ವತಃ ಪಾದ್ರಿಯಾಗಲು ಓದಿದ ಶಾಸಕ ಜೇಮ್ಸ್ ಟಲರಿಕೊ ಎದ್ದು ನಿಂತು, ಇವತ್ತು ಯೆಹೂದಿಗಳ ಸಬ್ಬತ್ತು, ನಾಳೆ ಕ್ರೈಸ್ತರದು, ಆ ದಿನ ಕೆಲಸ ಮಾಡಕೂಡದೆಂದು ನಿಮ್ಮ ಪಟದಲ್ಲೇ ಇದೆಯಲ್ಲ, ಮುಂದೂಡಬಾರದೇ ಎಂದು ಕೇಳಿದರು. ಮುಂದೂಡಲಿಲ್ಲ, ಭಾನುವಾರ ಮಸೂದೆ ಪಾಸಾಯಿತು. ಸಾಮಾನ್ಯ ದೃಷ್ಟಿಯವರಿಗೆ ಕೊಠಡಿಯ ಯಾವ ಮೂಲೆಯಿಂದಲೂ ಓದಲು ಬರುವಷ್ಟು ದೊಡ್ಡ ಅಕ್ಷರವಿರಬೇಕೆಂದು ಆ ಕಾನೂನಿನಲ್ಲಿದೆ. ಶಾಲೆಗಳಿಗೆ ಮಾತ್ರ, ಶಾಸನಸಭೆಗೆ ಅನ್ವಯಿಸುವುದಿಲ್ಲ.