ಹಾರಕ್ಕ ಬ್ಯಾರೆ ಅರ್ಜಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆ. ಸಾವ್ಕಾರರ ಗದ್ದಿಗೆ. ಗೋಡೆಯ ಮೇಲೆ ಮನೆತನದ ಟ್ರಸ್ಟಿನ ಬೋರ್ಡು. ರಾಣೇಬೆನ್ನೂರಿನ ವಾಚನಾಲಯದ ಕಾರ್ಯದರ್ಶಿ ಅರ್ಜಿ ಹಿಡಿದು ಬಂದಿದ್ದಾನೆ. ಇಬ್ಬರೂ ಸೀನುತ್ತಾರೆ. (ಈ ಊರಲ್ಲಿ ಸೀನು ಅಪಶಕುನವಲ್ಲ, ಹಂಗಾಮು.)

ಕಾರ್ಯದರ್ಶಿ: ಶರಣ್ರೀ ಸಾವ್ಕಾರ್ರ. ಪುಸ್ತಕಕ್ಕ ಐವತ್ತು ಸಾವಿರ ಬೇಕಾಗಿತ್ರಿ.

ಸಾವ್ಕಾರ: ಶರಣು, ಕುಂದರ್ರಿ. ಏ ತಮ್ಮಾ, ಚಾ ತಾ. ನಿಮಗ 12ಎ ಐತೇನ್ರಿ? 80ಜಿ?

ಕಾರ್ಯದರ್ಶಿ: ನಮಗಿರೋದು ಎರಡು ಫ್ಯಾನು, ಒಂದು ಬಲ್ಬ್ ರೀ.

ಸಾವ್ಕಾರ: ಅದು ತೆರಿಗಿ ವಿನಾಯ್ತಿ ಕಾಗದ್ರಿ. ಹೋಗ್ಲಿ, ಮೂರು ವರ್ಷದ ಆಡಿಟ್?

ಕಾರ್ಯದರ್ಶಿ: ಆಡಿಟರ್‌ಗೆ ಕೊಡಾಕ ರೊಕ್ಕ ಬೇಕಲ್ರಿ. ಅದಕ್ಕ ನಿಮ್ಮ ಕಡೆ ಬಂದೀನಿ.

ಸಾವ್ಕಾರ: ಓದಿದ್ರಿಂದ ‘ಇಂಪ್ಯಾಕ್ಟ್’ ಏನಾತು ಅಂತ ನಮ್ಮ ಹುಡುಗ ಕೇಳ್ತಾನ. ಬೆಂಗಳೂರಾಗ ಇರ್ತಾನ.

ಕಾರ್ಯದರ್ಶಿ: ಚಲೋ ಓದಿದವ್ರೆಲ್ಲಾ ಊರು ಬಿಟ್ಟಾರ್ರಿ, ನಿಮ್ಮ ಹುಡುಗನಂಗ. ದೊಡ್ಡ ಕಂಪನಿಗಳು ಲಾಭದಾಗ ಶೇಕಡಾ 2 ಸಮಾಜಕ್ಕ ಹಾಕಬೇಕಂತ 2013ರ ಕಾಯ್ದೆನ ಐತಿ...

ಸಾವ್ಕಾರ: ಅದು ಕಂಪನಿಗೆ. ಇದು ಮನಿತನದ ಟ್ರಸ್ಟು. ಇಲ್ಲಿ ನಮ್ಮ ಅವ್ವ ಹೇಳಿದ್ದ ಕಾಯ್ದೆ. ನೋಡ್ರಿ, ನಮ್ಮ ಕಾಯಿಗೆ 2011ರಾಗ ಜಿಐ ಪಟ್ಟ ಬಂತು. ಹಂಗ ನಿಮ್ಮ ಕಡೆ ಒಂದು ಕಾಗದ ಬ್ಯಾಡೇನು?

ಕಾರ್ಯದರ್ಶಿ (ಮನಸ್ಸಿನಲ್ಲಿ): ಟ್ರಸ್ಟೂ ಬ್ಯಾಡಗಿ ಕಾಯಿನ. ಬಣ್ಣ ಭಾಳ, ಖಾರ ಕಡಿಮಿ.

ಸಾವ್ಕಾರ: ಇರ್ಲಿ, ಚೆಕ್ ಕೊಡೋಣು. ಸಣ್ಣದೊಂದು ಸಮಾರಂಭ ಇಡ್ರಿ. ಪೆಂಡಾಲು, ಪೇಪರಿನವ್ರು, ಮತ್ತ ಹಾವೇರಿ ಏಲಕ್ಕಿ ಹಾರ. ಟ್ರಸ್ಟಿಗಳು ಹದಿನೇಳು ಮಂದಿ ಅದೀವಿ. ಅವ್ವಗ ಐದೆಳಿದು ಇರ್ಲಿ.

ಕಾರ್ಯದರ್ಶಿ: ಸಾವ್ಕಾರ್ರ, ಏಲಕ್ಕಿ ರೇಟು ನೋಡಿದ್ರ ಹಾರಕ್ಕ ಐವತ್ತು ಸಾವಿರ ಸಾಲಂಗಿಲ್ರಿ!

ಸಾವ್ಕಾರ: ಹಂಗಾರ ಹಾರಕ್ಕ ಬ್ಯಾರೆ ಅರ್ಜಿ ಬರೀರಿ. ಮೂರು ಪ್ರತಿ.