ಶ್ರೀಮಾನ್ ಎಲ್-ಒನ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ಚಿಕ್ಕಬಳ್ಳಾಪುರ ಜಿಲ್ಲೆಯ ಒಬ್ಬ ಬಡಪಾಯಿ ತೆರಿಗೆದಾರ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಹೋದ ಮಳೆಗಾಲದ ಮೊದಲು ಹಾಕಿದ ರಸ್ತೆ ಮಾತ್ರ ಕ್ಷೇಮವಾಗಿಲ್ಲ.

ತಮ್ಮ ಮುಖದರ್ಶನದ ಭಾಗ್ಯ ನನಗಿನ್ನೂ ಸಿಕ್ಕಿಲ್ಲ. ಆದರೆ ಗೌರಿಬಿದನೂರಿನ ಚರಂಡಿ ಇರಲಿ, ಚಿಂತಾಮಣಿಯ ಶಾಲಾ ಕೊಠಡಿ ಇರಲಿ, ಕಡತದ ಕೊನೆಯ ಹಾಳೆಯಲ್ಲಿ ಗೆದ್ದವರು ತಾವೇ. ಎಲ್ಲರಿಗಿಂತ ಕಡಿಮೆ ದರ ಬರೆದವರನ್ನು ಕಚೇರಿಯಲ್ಲಿ ‘ಎಲ್-ಒನ್’ ಅನ್ನುತ್ತಾರಂತೆ. ಸರ್ಕಾರದ ದುಡ್ಡು ಉಳಿಸಲೆಂದೇ ಹುಟ್ಟಿದ ಮಹಾನುಭಾವರು ನೀವು. ಅದಕ್ಕೇ ಈ ಅಭಿನಂದನಾ ಪತ್ರ.

ಒಂದು ಕಾಲವಿತ್ತು. ಕಚೇರಿಯ ವರಾಂಡದಲ್ಲಿ ಟೆಂಡರ್ ಪೆಟ್ಟಿಗೆ, ಅದರ ಸುತ್ತ ನಾಲ್ಕು ಜನ ದಾಂಡಿಗರು, ಬೇರೆಯವರ ಲಕೋಟೆ ಒಳಗೆ ಬೀಳುವ ಮಾತೇ ಇಲ್ಲ. ತಮಿಳುನಾಡು 1998ರಲ್ಲಿ ಟೆಂಡರ್ ಪಾರದರ್ಶಕತೆಯ ಕಾಯ್ದೆ ತಂದಿತು. ಮರುವರ್ಷವೇ ನಮ್ಮವರು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ (ಕೆಟಿಪಿಪಿ) ಮಾಡಿದರು. ದೆಹಲಿಯವರು 2012ರಲ್ಲಿ ಮಂಡಿಸಿದ ಇಂಥದ್ದೇ ಮಸೂದೆ 2014ರಲ್ಲಿ ಆ ಲೋಕಸಭೆಯ ಜೊತೆಗೇ ತೀರಿಕೊಂಡಿತು. ನಾವು ಮಾತ್ರ ಮುಂದೆ ಹೋದೆವು. ಪೆಟ್ಟಿಗೆ ಹೋಗಿ ಇ-ಪ್ರೊಕ್ಯೂರ್‌ಮೆಂಟ್ ಬಂತು, ಅದರ ಜಾಗಕ್ಕೆ ಈಗ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ (ಕೆಪಿಪಿಪಿ) ಬಂದಿದೆ. ದಾಂಡಿಗರ ಕೆಲಸ ಹೋಯಿತು. ಅವರ ಕೆಲಸವನ್ನು ಈಗ ಷರತ್ತುಗಳು ಮಾಡುತ್ತಿವೆ.

ಬಿಡುವಾದಾಗ ಒಮ್ಮೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ದಯಮಾಡಿಸಿ. ರೈತ ತನ್ನ ಲಾಟಿನ ಪಕ್ಕ ನಿಂತಿರುತ್ತಾನೆ. ರೀಲರ್ ಬರುತ್ತಾನೆ, ಗೂಡಿನ ರಾಶಿಯೊಳಗೆ ಮೊಣಕೈವರೆಗೂ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆಯುತ್ತಾನೆ, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳುತ್ತಾನೆ, ಆಮೇಲೆ ಮೊಬೈಲಿನಲ್ಲಿ ದರ ಒತ್ತುತ್ತಾನೆ. ಮೇಲೆ ಮಾತ್ರ ಒಳ್ಳೆಯ ಗೂಡು ಹರಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ದರ ಗಿಟ್ಟದಿದ್ದರೆ ಕೊಡಲ್ಲ ಅನ್ನುವ ಹಕ್ಕು ರೈತನಿಗೂ ಇದೆ. ‘ಕಳೆದ ಐದು ವರ್ಷಗಳಲ್ಲಿ ಇಷ್ಟೇ ತೂಕದ ಲಾಟನ್ನು ಕೊಂಡ ಅನುಭವ ಇದ್ದವರು ಮಾತ್ರ ಕೂಗಬೇಕು’ ಎಂಬ ಷರತ್ತು ಹಾಕಲು ಪಾಪ ಅವನಿಗೆ ತೋಚುವುದಿಲ್ಲ.

ನಮ್ಮ ಕಚೇರಿಗಳಿಗೆ ತೋಚುತ್ತದೆ. ಇಂಥದ್ದೇ ಕೆಲಸ ಹಿಂದೆ ಮಾಡಿರಬೇಕು, ವಾರ್ಷಿಕ ವಹಿವಾಟು ಇಷ್ಟಿರಬೇಕು, ಇಂತಿಂಥ ಯಂತ್ರ ಸ್ವಂತದ್ದಾಗಿರಬೇಕು, ಎ ಇಂಟು ಎನ್ ಇಂಟು ಒಂದೂವರೆ ಮೈನಸ್ ಬಿ ಎಂಬ ಲೆಕ್ಕದಲ್ಲಿ ಬಿಡ್ ಸಾಮರ್ಥ್ಯ ಸಾಲಬೇಕು. ಯಾವುದೂ ತಪ್ಪಲ್ಲ, ಗಂಧಗಾಳಿ ಇಲ್ಲದವನ ಕೈಗೆ ಸೇತುವೆ ಕೊಡಲಾಗುತ್ತದೆಯೇ? ಆದರೆ ಅಳತೆ ತೆಗೆದು ಹೊಲಿದ ಅಂಗಿಯಂತೆ ಷರತ್ತು ಒಬ್ಬರ ಮೈಗೇ ಸರಿಹೋದರೆ, ಅಳತೆ ಕೊಟ್ಟವರು ಯಾರೆಂದು ಕೇಳಬೇಕಾಗುತ್ತದೆ. ತಾಂತ್ರಿಕ ಲಕೋಟೆಯಲ್ಲೇ ಉಳಿದವರು ಉದುರಿಹೋದ ಮೇಲೆ ಆರ್ಥಿಕ ಲಕೋಟೆಯಲ್ಲಿ ಕನಿಷ್ಠ ದರದವರಾಗುವುದು ಏನು ಮಹಾ? ಒಬ್ಬರೇ ಉಳಿದರೆ ಚೆನ್ನಾಗಿ ಕಾಣುವುದಿಲ್ಲವೆಂದು ಇಬ್ಬರು ಸ್ನೇಹಿತರು ‘ಸಪೋರ್ಟಿಂಗ್ ಟೆಂಡರ್’ ಹಾಕಿ ಸೋಲುವ ಉಪಕಾರವನ್ನೂ ಮಾಡುತ್ತಾರೆ. 2002ರ ಸ್ಪರ್ಧಾ ಕಾಯ್ದೆಯಲ್ಲಿ ಈ ಸ್ನೇಹಕ್ಕೆ ದಂಡವಿದೆ. ಕಾನೂನಿಗೆ ಹೃದಯವೇ ಇಲ್ಲ.

ಕೆಟಿಪಿಪಿ ಕಾಯ್ದೆಯ 2000ದ ನಿಯಮಾವಳಿ ಬರೆದವರು ಟೆಂಡರ್ ಸಲ್ಲಿಕೆಗೆ 2 ಕೋಟಿವರೆಗಿನ ಕೆಲಸಕ್ಕೆ 30 ದಿನ, ಮೇಲಿನದಕ್ಕೆ 60 ದಿನ ಕಾಯಬೇಕೆಂದಿದ್ದರು. ಕಾರಣ ಬರೆದರೆ ಕಡಿಮೆ ಮಾಡಬಹುದು ಎಂದೂ ಸೇರಿಸಿದ್ದರು. ಅದಕ್ಕೇ ಪತ್ರಿಕೆ ಬಿಡಿಸಿದರೆ ‘ಅಲ್ಪಾವಧಿ ಟೆಂಡರ್ ಪ್ರಕಟಣೆ’ಗಳ ಸಾಲು. ವರ್ಷಗಟ್ಟಲೆ ಗುಂಡಿ ಬಿದ್ದಿದ್ದ ರಸ್ತೆಗೆ ಇದ್ದಕ್ಕಿದ್ದಂತೆ ತುರ್ತು ಹುಟ್ಟಿಕೊಳ್ಳುವುದನ್ನು ನೋಡಿದರೆ ಕಣ್ಣು ತುಂಬಿ ಬರುತ್ತದೆ. ಅಷ್ಟೂ ತಾಳ್ಮೆ ಇಲ್ಲದವರಿಗೆ ಟೆಂಡರನ್ನೇ ತಪ್ಪಿಸುವ, ಅದೇ ಕಾಯ್ದೆಯ 4(ಜಿ) ವಿನಾಯಿತಿ ಇದೆ, ತುಂಡು ಗುತ್ತಿಗೆ ಇದೆ. ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ 50 ಲಕ್ಷದವರೆಗೆ ಇದ್ದ ಮೀಸಲಾತಿ 2023ರಲ್ಲಿ 1 ಕೋಟಿಗೆ ಏರಿತು. ಕೂಡಲೇ ಸಣ್ಣ ಕೆಲಸಗಳೆಲ್ಲ ಒಬ್ಬರನ್ನೊಬ್ಬರು ಬಿಟ್ಟಿರಲಾರದೆ ‘ಪ್ಯಾಕೇಜ್’ ಆಗಿ ಮಿತಿ ದಾಟುತ್ತಿವೆ ಎಂಬುದು ಆ ಗುತ್ತಿಗೆದಾರರ ದೂರು. ತುಂಡು ಮಾಡಿದರೂ ಲಾಭ, ಕೂಡಿಸಿದರೂ ಲಾಭ.

ಕಡಿಮೆ ದರ ಎಂದರೆ ಟೆಂಡರ್ ತೆರೆದ ದಿನದ ದರ ಎಂದೇ ಅರ್ಥ ಮಾಡಿಕೊಳ್ಳಬೇಕು. 2014ರ ಮಾರ್ಚ್‌ನಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯಲ್ಲಿ ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆಗೆ ಅಡಿಗಲ್ಲು ಬಿತ್ತು. ಮೊದಲ ಅಂದಾಜು 8,323 ಕೋಟಿ. ಭೂಸ್ವಾಧೀನ, ದರ ಏರಿಕೆ, ಬದಲಾದ ವಿನ್ಯಾಸ ಅಂತೆಲ್ಲ ಸೇರಿ ಅದು 23,251 ಕೋಟಿ ದಾಟಿತು. 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಮೊದಲ ಹಂತಕ್ಕೆ ಚಾಲನೆ ಕೊಟ್ಟಾಗ ಇಲ್ಲಿ ನಾವು ಟಿ.ವಿ.ಯಲ್ಲಿ ನೀರು ನೋಡಿದೆವು.

ತಮ್ಮ ಕಷ್ಟವೂ ನನಗೆ ಗೊತ್ತು. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘದವರೇ ಪ್ರಧಾನಿಗೆ ಪತ್ರ ಬರೆದು, 40 ಪರ್ಸೆಂಟ್ ಕಮಿಷನ್ ಎಂದು ದೂರಿದರು. ಸರ್ಕಾರ ಬದಲಾಯಿತು, ವಿಚಾರಣೆಗೆ ಆಯೋಗ ಬಂತು. 2024ರಲ್ಲಿ ಅದೇ ಸಂಘದ ಅಧ್ಯಕ್ಷರು ಕಮಿಷನ್ ನಿಂತಿಲ್ಲ ಎಂದರು. ಇದರ ಮೇಲೆ ಕೆಲಸ ಮುಗಿದರೂ ಬಿಲ್ಲಿಗೆ ಹಣ ಮಂಜೂರು ಮಾಡುವ ಎಲ್‌ಒಸಿ ಬಿಡುಗಡೆಯಾಗದೆ ವರ್ಷಗಟ್ಟಲೆ ಬಡ್ಡಿ ಕಟ್ಟಬೇಕು. ಅಂದಾಜಿಗಿಂತ ಕಡಿಮೆಗೆ ಹಿಡಿದ ಕೆಲಸದಲ್ಲಿ ಅವರಿಗೆ, ಇವರಿಗೆ, ಬಡ್ಡಿಗೆ ಕೊಟ್ಟು, ಲಾಭವನ್ನೂ ಉಳಿಸಿಕೊಳ್ಳುತ್ತೀರಲ್ಲ, ಆ ಗಣಿತ ನನಗೆ ಬಹುಕಾಲ ಅರ್ಥವಾಗಿರಲಿಲ್ಲ. ನಮ್ಮ ಬೀದಿಯ ಸಿಸಿ ರಸ್ತೆಯನ್ನು ನೀರಿನ ಪೈಪಿಗಾಗಿ ಅಗೆದ ದಿನ ಅರ್ಥವಾಯಿತು. ಅಂಚಿನಲ್ಲಿ ಗೇಣುದ್ದ ಕಾಂಕ್ರೀಟು. ನಡುವೆ ಎರಡು ಬೆರಳು, ಕೆಳಗೆ ಬರೀ ಮಣ್ಣು. ಅಳತೆ ಪುಸ್ತಕದಲ್ಲಿ ಅಂಚಿನ ಅಳತೆಯೇ ಇತ್ತು. ಅಳೆದವರು ಸುಳ್ಳು ಹೇಳಿಲ್ಲ, ಬಗ್ಗಿದ್ದು ಅಂಚಿನಲ್ಲಿ ಅಷ್ಟೇ.

ಹೀಗಾಗಿ ಒಂದೇ ಕೋರಿಕೆ. ಕೆಲಸದ ಜಾಗದಲ್ಲಿ ನಿಲ್ಲಿಸುವ ಫಲಕದಲ್ಲಿ ಗುದ್ದಲಿ ಪೂಜೆ ಮಾಡಿದವರ ಫೋಟೊ ಕೊಂಚ ಕಿರಿದಾಗಲಿ. ಆ ಜಾಗದಲ್ಲಿ ನಿಮ್ಮ ಹೆಸರು, ಒಪ್ಪಿದ ದರ, ರಸ್ತೆಯ ದಪ್ಪ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ತಾರೀಖು ಬರೆಸಿ.

ಇದು ಬಹಿರಂಗ ಪತ್ರವಾದ್ದರಿಂದ ಜಿಲ್ಲೆಯ ಎಲ್ಲ ತಾಲ್ಲೂಕುಗಳ ಓದುಗರಿಗೂ ಒಂದು ಮಾತು. ಟೆಂಡರ್ ಪ್ರಕಟಣೆಯನ್ನು ಪೋರ್ಟಲಿನಲ್ಲಿ ಯಾರು ಬೇಕಾದರೂ ನೋಡಬಹುದು. ಷರತ್ತಿನ ಪುಟದಿಂದ ಓದಲು ಶುರುಮಾಡಿ. ಅಳತೆ ಪುಸ್ತಕದ ನಕಲನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು, ಅರ್ಜಿ ಶುಲ್ಕ 10 ರೂಪಾಯಿ. ಹೊಣೆಗಾರಿಕೆಯ ಅವಧಿ ಮುಗಿಯುವ ಮೊದಲೇ ಕೇಳಿ.

ಇಂತಿ ತಮ್ಮ ವಿಧೇಯ,
ಎರಡು ಬೆರಳು ದಪ್ಪದ ರಸ್ತೆಯಲ್ಲಿ ವಾಸಿಸುವವ